ವಿಷದ ಹಾವು ಸಾಕಲು ನಗರದಲ್ಲಿ ಅವಕಾಶವೇ ಬೇಡ

ಮಾನ್ಯರೇ,

2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜನ್ನು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ತಪಾಸಣೆ ಮಾಡಿದಾಗ ಅದರಲ್ಲಿ 78 ಪ್ರಾಣಿಗಳು ಸಿಕ್ಕವು. 55 ಬಾಲ್ ಪೈಥಾನ್ ಹೆಬ್ಬಾವುಗಳೂ 17 ಕಾಳಿಂಗ ಸರ್ಪಗಳೂ ಜೀವಂತವಾಗಿದ್ದವು, 6 ಕಾಪುಚಿನ್ ಕೋತಿಗಳು ಸತ್ತುಹೋಗಿದ್ದವು. ಮರುವರ್ಷದ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ 10 ಹಳದಿ ಅನಕೊಂಡಗಳು ಪತ್ತೆಯಾದವು. ಹೆಬ್ಬಾವಿಗೂ ಅನಕೊಂಡಕ್ಕೂ ವಿಷವಿಲ್ಲ, ಆದರೆ ಕಾಳಿಂಗ ಸರ್ಪದ ಮಾತು ಬೇರೆ. ಕೊಳ್ಳುವವರಿಲ್ಲದೆ ಯಾರೂ ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡು ಇಂಥ ಸರಕು ತರುವುದಿಲ್ಲ. ಹೀಗೆ ಬಂದ ಹಾವುಗಳಲ್ಲಿ ಸಿಕ್ಕಿಬೀಳದೆ ಹೊರಗೆ ಹೋದವು ಯಾವ ಮನೆ ಸೇರುತ್ತವೆ ಎಂಬುದು ನಗರವಾಸಿಗಳೆಲ್ಲರೂ ಕೇಳಬೇಕಾದ ಪ್ರಶ್ನೆ.

ನಮ್ಮ ನಾಡಿನ ಹಾವುಗಳ ವಿಚಾರದಲ್ಲಿ ಕಾನೂನು ಸ್ಪಷ್ಟವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ನಾಗರಹಾವು, ಕಾಳಿಂಗ ಸರ್ಪ, ಕೊಳಕುಮಂಡಲಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಕಾಯ್ದೆಯ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷದವರೆಗೆ ಸೆರೆವಾಸವಿದೆ. ನಮ್ಮ ಬೀದಿಗಳಿಂದ ಹಾವಾಡಿಗರು ಮರೆಯಾದದ್ದು ಇದೇ ಕಾಯ್ದೆಯಿಂದ. ಹೊಟ್ಟೆಪಾಡಿಗೆ ಬುಟ್ಟಿಯಲ್ಲಿ ಹಾವು ಹೊತ್ತು ತಿರುಗುತ್ತಿದ್ದ ಬಡವನಿಗೆ ಅನ್ವಯಿಸಿದ ನಿಷ್ಠುರತೆ, ಶೋಕಿಗಾಗಿ ಗಾಜಿನ ಪೆಟ್ಟಿಗೆಯಲ್ಲಿ ವಿಷದ ಹಾವು ಸಾಕುವವನಿಗೂ ಅನ್ವಯಿಸಬೇಕು ಎಂಬುದು ನನ್ನ ಆಗ್ರಹ.

ತೊಡಕು ಇರುವುದು ವಿದೇಶಿ ಹಾವುಗಳಲ್ಲಿ. 2022ರ ತಿದ್ದುಪಡಿ ಮತ್ತು ಅದರ ಬೆನ್ನಿಗೆ 2024ರಲ್ಲಿ ಬಂದ ನಿಯಮಗಳ ಪ್ರಕಾರ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದ್ದು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿದ ಜೀವಂತ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅವುಗಳ ವಿವರ ಕೊಟ್ಟು ನೋಂದಣಿ ಮಾಡಿಸಬೇಕು. ಒಳ್ಳೆಯ ಕ್ರಮವೇ. ಆದರೆ ಆ ಪಟ್ಟಿ ತಯಾರಾಗಿರುವುದು ವ್ಯಾಪಾರದಿಂದ ಅಳಿವಿನಂಚಿಗೆ ಬರಬಹುದಾದ ಜೀವಿಗಳನ್ನು ಕಾಪಾಡಲು, ಪಕ್ಕದ ಮನೆಯವರನ್ನು ಕಾಪಾಡಲು ಅಲ್ಲ. ಆಫ್ರಿಕಾದ ಬ್ಲ್ಯಾಕ್ ಮಾಂಬಾ ಜಗತ್ತಿನ ಅತಿ ಅಪಾಯಕಾರಿ ಹಾವುಗಳಲ್ಲಿ ಒಂದು. ಅದು ಅಪರೂಪದ ಜೀವಿಯಲ್ಲದ ಕಾರಣ ಆ ಪಟ್ಟಿಯಲ್ಲೇ ಇಲ್ಲ! ಅಂಥದ್ದನ್ನು ಕಳ್ಳದಾರಿಯಲ್ಲಿ ತಂದದ್ದು ಅಪರಾಧವೇ ಹೌದು, ಆದರೆ ಒಮ್ಮೆ ಮನೆಯೊಳಗೆ ಸೇರಿದ ಮೇಲೆ ಅದನ್ನು ನೋಂದಾಯಿಸಬೇಕೆಂದು ಈ ನಿಯಮಗಳು ಕೇಳುವುದಿಲ್ಲ.

ಸಾಕುವವನು ತನ್ನ ಜೀವಕ್ಕೆ ತಾನೇ ಹೊಣೆ ಎಂಬ ವಾದವನ್ನು ಒಪ್ಪಲಾಗದು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವು ಕಡಿತದ ಚುಚ್ಚುಮದ್ದನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಿಸಲಾಗಿದೆ. ಕಾಳಿಂಗ ಸರ್ಪದ ಮದ್ದು ಥಾಯ್ಲೆಂಡ್‌ನಲ್ಲಿ ತಯಾರಾಗುತ್ತದೆ, ಮಾಂಬಾದ್ದು ದಕ್ಷಿಣ ಆಫ್ರಿಕಾದಲ್ಲಿ. ಅಂಥ ಹಾವು ಮನೆಗೆಲಸದವರನ್ನೋ, ಶಾರ್ಟ್ ಸರ್ಕ್ಯೂಟ್ ಆದಾಗ ಒಳಗೆ ನುಗ್ಗಿದ ಅಗ್ನಿಶಾಮಕ ಸಿಬ್ಬಂದಿಯನ್ನೋ ಕಚ್ಚಿದರೆ, ಎಷ್ಟೇ ಅನುಭವಿ ವೈದ್ಯರಾದರೂ ಕೊಡಲು ಕೈಯಲ್ಲಿ ಸರಿಯಾದ ಮದ್ದೇ ಇರುವುದಿಲ್ಲ. ಕಚ್ಚಿದ್ದು ಯಾವುದೆಂದು ಹೇಳಿದರೆ ತಾನೇ ಸಿಕ್ಕಿಬೀಳುವೆನೆಂದು ಸಾಕಿದವನು ಬಾಯಿ ಮುಚ್ಚಿಕೊಂಡರಂತೂ ಕೇಳುವುದೇ ಬೇಡ. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ನಮ್ಮ ರಾಜ್ಯ ಸರ್ಕಾರ ಈ ವಿಷಯದಲ್ಲೂ ಅದೇ ಮುತುವರ್ಜಿ ತೋರಬೇಕು.

ಹಾವು ಹಿಡಿದು ಕಾಡಿಗೆ ಬಿಡುವವರ ಬಗೆಗೂ ಒಂದು ಮಾತು ಹೇಳಲೇಬೇಕು. ನಮ್ಮ ಬಡಾವಣೆಯ ಯುವಕನೊಬ್ಬ ಯಾರದೋ ಸಂಪ್ ಬಳಿ ಹಿಡಿದ ನಾಗರಹಾವನ್ನು ಒಂದೆರಡು ದಿನ ತನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲೇ ಇಟ್ಟುಕೊಂಡಿದ್ದ. ಹಿಟ್ಟು ತುಂಬುವ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ಕಾದ ಮೊಳೆಯಿಂದ ಮಾಡಿದ ತೂತುಗಳು, ಮುಚ್ಚಳದ ಮೇಲೊಂದು ಇಟ್ಟಿಗೆ. ಅಲ್ಲಿಂದ ಒಂದು ಮಾರು ದೂರದ ಪಕ್ಕದ ಬಾಲ್ಕನಿಯಲ್ಲಿ ಎಳೆಮಗುವಿನ ಬಟ್ಟೆ ಒಣಹಾಕಿದ್ದರು. ದೊಣ್ಣೆ ಹಿಡಿದು ನಿಂತಿದ್ದ ಜನರಿಂದ ಆ ಹಾವನ್ನು ಉಳಿಸಿದ್ದು ಆತನೇ, ಆತನ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಿಡಿದ ಹಾವನ್ನು ಎಷ್ಟು ಹೊತ್ತಿನೊಳಗೆ, ಯಾರಿಗೆ ಒಪ್ಪಿಸಬೇಕು ಎಂದು ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೆರೆಯ ಕೇರಳದಲ್ಲಿ ಅರಣ್ಯ ಇಲಾಖೆಯೇ ತರಬೇತಿ ಕೊಟ್ಟು, ಪ್ರಮಾಣಪತ್ರ ಪಡೆದವರನ್ನಷ್ಟೇ ಈ ಕೆಲಸಕ್ಕೆ ಕಳಿಸುತ್ತದೆ. ನಮ್ಮ ಇಲಾಖೆಗೂ ಅದು ಕಷ್ಟದ ಕೆಲಸವೇನಲ್ಲ.

ಬ್ರಿಟನ್ನಿನಲ್ಲಿ 1976ರಿಂದಲೇ ಅಪಾಯಕಾರಿ ಪ್ರಾಣಿ ಸಾಕಲು ಸ್ಥಳೀಯ ಆಡಳಿತದ ಪರವಾನಗಿ, ಪಶುವೈದ್ಯರ ತಪಾಸಣೆ ಮತ್ತು ವಿಮೆ ಕಡ್ಡಾಯ. ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿಕೊಂಡಿರುವ, ಮದ್ದೂ ಸಿಗದ ನಮ್ಮ ಊರಿಗೆ ಆ ಪರವಾನಗಿಯ ಮಾದರಿಯೂ ಸಾಲದು. ನಾಯಿ ಸಾಕಲೂ ಪರವಾನಗಿ ಕೇಳುವ ಬೆಂಗಳೂರಿನಲ್ಲಿ, ಈಗ ಐದಾಗಿರುವ ಪಾಲಿಕೆಗಳು ಸೈಟಿಸ್ ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ, ಯಾವುದೇ ವಿಷದ ಹಾವನ್ನು ವಾಸದ ಮನೆಯಲ್ಲಿ ಇಡುವುದನ್ನು ನೇರವಾಗಿ ನಿಷೇಧಿಸಬೇಕು. ಹಾಗೆ ಮಾಡುವ ಮುನ್ನ, ಈಗಾಗಲೇ ಇಟ್ಟುಕೊಂಡಿರುವವರು ಹೆದರಿ ರಾತ್ರೋರಾತ್ರಿ ಅವನ್ನು ತುರಹಳ್ಳಿಯಲ್ಲೋ ಬನ್ನೇರುಘಟ್ಟದ ಅಂಚಿನಲ್ಲೋ ಬಿಟ್ಟುಬರದಂತೆ, ಅರಣ್ಯ ಇಲಾಖೆಗೆ ಒಪ್ಪಿಸಲು ಕೆಲವು ವಾರಗಳ ಕಾಲಾವಕಾಶ ಕೊಟ್ಟು, ಆ ಅವಧಿಯಲ್ಲಿ ತಾವಾಗಿ ಬಂದವರ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ಸರ್ಕಾರ ಲಿಖಿತವಾಗಿ ಪ್ರಕಟಿಸಬೇಕು.

ಇಂತಿ,
ನಿಮ್ಮ ಓದುಗ
ಬನಶಂಕರಿ, ಬೆಂಗಳೂರು