ಪಾಚಿ ಕಂಡೊಡನೆ ಔಷಧಿ ಸುರಿಯಬೇಡಿ

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವ ನಮ್ಮ ಬಳಗದ ಸದಸ್ಯರಿಗೆ ನಮಸ್ಕಾರ. ವಾರದಿಂದ ಬರುತ್ತಿರುವ ಫೋಟೊಗಳಲ್ಲೆಲ್ಲ ಹವಳದ ಕಲ್ಲಿನ ಮೇಲೆ ಕೂದಲಿನಂಥ ಪಾಚಿಯೇ. ಮೊದಲು ನೀರನ್ನು ಪರೀಕ್ಷಿಸಿ. ಪಾಚಿಗೆ ಆಹಾರವಾಗುವ ಪೋಷಕಾಂಶಗಳಾದ ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಸರಿ. ಎರಡನ್ನೂ ಸೊನ್ನೆಗೆ ಇಳಿಸಬೇಡಿ. ಹಾಗೆ ಇಳಿಸಿದ ನನ್ನ ತೊಟ್ಟಿಯಲ್ಲಿ ಪಾಚಿ ಹೋಯಿತು, ಕಂದು ಲೋಳೆಯಂಥ ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಬಂದು ಕುಳಿತಿತು. ಅದು ಇನ್ನೂ ದೊಡ್ಡ ತಲೆನೋವು.

ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ ನಮಗೆ ತೀರ್ಥ, ಹವಳಕ್ಕಲ್ಲ. ಆರ್‌ಒ, ಡಿಐ (ಒತ್ತಡದಿಂದ ಪೊರೆಯ ಮೂಲಕ ಸೋಸುವ, ಉಳಿದ ಅಯಾನುಗಳನ್ನು ತೆಗೆಯುವ ಹಂತಗಳು) ಎರಡನ್ನೂ ದಾಟಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆ ತೋರಿಸಿದ ನೀರನ್ನೇ ಬಳಸಿ. ಬೇಸಿಗೆಯಲ್ಲಿ ಆವಿಯಾದಷ್ಟಕ್ಕೆ ಈ ಸಿಹಿನೀರನ್ನೇ ತುಂಬಿ, ಉಪ್ಪು ಆವಿಯಾಗುವುದಿಲ್ಲ. ಕ್ಷಾರೀಯತೆ, ಅಂದರೆ ನೀರು ಆಮ್ಲವನ್ನು ತಡೆಯುವ ಶಕ್ತಿ, 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ) ನಡುವೆ ಅಲುಗಾಡದಿರಲಿ.

ಭಾನುವಾರ ಬೆಳಿಗ್ಗೆ 10ಕ್ಕೆ ಕುವೆಂಪುನಗರದ ನಮ್ಮ ಮನೆಗೆ ಬರುವವರು ತಮ್ಮ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತನ್ನಿ. ಪರೀಕ್ಷಾ ಕಿಟ್ ನನ್ನಲ್ಲಿದೆ.