ಗೆಳೆಯನಿಗೊಂದು ಪತ್ರ: ಪೇರ್ ಡ್ರಾಪ್‌ನ ಪಾಕ, ಅದರ ಪರಿಮಳ

ಪ್ರಿಯ ಗೆಳೆಯ,

ಇಂಗ್ಲೆಂಡಿನ ಪೇರ್ ಡ್ರಾಪ್ ಎಂಬ ಗಟ್ಟಿ ಸಕ್ಕರೆ ಮಿಠಾಯಿಯನ್ನು ಮನೆಯಲ್ಲೇ ಮಾಡಬಹುದೇ ಎಂದು ಕೇಳಿದ್ದೆಯಲ್ಲ, ಮಾಡಬಹುದು. ಮೊದಲೇ ಹೇಳಿಬಿಡುತ್ತೇನೆ, ಪೇರ್ ಅಂದರೆ ಕರಾವಳಿಯವರ ಪೇರಳೆ ಅಲ್ಲ, ಮರಸೇಬು. ಆ ಮರಸೇಬಿನ ರಸವೂ ಇದಕ್ಕೆ ಬೇಕಿಲ್ಲ. ಅರ್ಧ ಗುಲಾಬಿ, ಅರ್ಧ ಹಳದಿ, ಮೇಲೆ ಸಕ್ಕರೆಯ ತರಿ: ಇದಿಷ್ಟು ನೋಟ. ಉಳಿದದ್ದೆಲ್ಲ ವಾಸನೆಯೇ.

ಆ ವಾಸನೆಯ ಹೆಸರು ಐಸೋಅಮೈಲ್ ಅಸಿಟೇಟ್. ಸಾರಾಯಿ ಬಟ್ಟಿಯಲ್ಲಿ ಹಿಂದುಳಿಯುವ ನಾತದ ಎಣ್ಣೆಯಿಂದ ಇದನ್ನು ತೆಗೆಯುತ್ತಿದ್ದರು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಂಥ ಕೃತಕ ಹಣ್ಣಿನ ಎಸೆನ್ಸ್‌ಗಳಿದ್ದವು. ಅವನ್ನು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ ಹಾಫ್‌ಮನ್, ಪೇರ್ ಎಣ್ಣೆ ಎಂಬ ಎಸೆನ್ಸ್ ಹೋಗುವುದು ಪೇರ್ ಡ್ರಾಪ್‌ಗೆ ಎಂದು ಬರೆದಿಟ್ಟಿದ್ದಾನೆ. ನಮ್ಮ ಬೇಕರಿಗಳ ಬಾಳೆಹಣ್ಣಿನ ಎಸೆನ್ಸ್‌ನಲ್ಲೂ ಮುಖ್ಯವಾಗಿ ಇರುವುದು ಇದೇ. ಜೇನುಹುಳ ಕುಟುಕಿದಾಗ ಉಳಿದ ಹುಳಗಳಿಗೆ ಅಪಾಯ ಸಾರುವ ವಾಸನೆಯಲ್ಲೂ ಇದೇ ಇದೆ, ಹಾಗಾಗಿ ಜೇನುಪೆಟ್ಟಿಗೆಯ ಹತ್ತಿರ ಕೂತು ಚಪ್ಪರಿಸಬೇಡ.

1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕ ತೆಗೆದ ಮೇಲೆ ಇಂಥ ಮಿಠಾಯಿ ಬಡಮಕ್ಕಳ ಕೈಗೂ ಎಟುಕಿತು. ಗಾಜಿನ ಭರಣಿಯಿಂದ ತಕ್ಕಡಿಗೆ ಸುರಿದು, ಕಾಲು ಪೌಂಡು, ಅಂದರೆ 113 ಗ್ರಾಂ, ಕಾಗದದ ಚೀಲಕ್ಕೆ ಹಾಕಿಕೊಡುವುದು ಅಂಗಡಿಯ ಪದ್ಧತಿಯಾಗಿತ್ತು. ಯುದ್ಧಕಾಲದಲ್ಲಿ, 1942ರ ಜುಲೈನಲ್ಲಿ, ಸಿಹಿತಿಂಡಿಯೂ ರೇಷನ್ನಿಗೆ ಸೇರಿತು. 1949ರಲ್ಲಿ ಸಡಿಲಿಸಿ ನೋಡಿದರು, ನಾಲ್ಕೇ ತಿಂಗಳಲ್ಲಿ ಮತ್ತೆ ಬಿಗಿ ಮಾಡಬೇಕಾಯಿತು. ಪೂರ್ತಿ ತೆರವಾದದ್ದು 1953ರ ಫೆಬ್ರವರಿ 5ಕ್ಕೆ. ಅಷ್ಟು ವರ್ಷ ಅಳೆದು ತಿಂದವರಿಗೆ ಬಾಯಲ್ಲಿ ಬೇಗ ಕರಗದ ಮಿಠಾಯಿಯ ಮೇಲೆ ಮಮತೆ ಉಳಿದದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಕೆಲಸಕ್ಕೆ ಬರೋಣ. ಸಕ್ಕರೆ 500 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 125 ಗ್ರಾಂ, ನೀರು 150 ಮಿ.ಲೀ. ಕುದಿ ಬರುವ ಮೊದಲೇ ಸಕ್ಕರೆ ಪೂರಾ ಕರಗಿರಬೇಕು. ಪಾತ್ರೆಯ ಒಳಗೋಡೆಗೆ ಸಿಡಿದ ಹರಳನ್ನು ಒದ್ದೆ ಬ್ರಷ್‌ನಿಂದ ಇಳಿಸು, ಆಮೇಲೆ ಸೌಟು ಹಾಕಲೇಬೇಡ. ಒಂದು ಹರಳು ಒಳಗೆ ಬಿದ್ದರೂ ಇಡೀ ಪಾಕ ಮರಳುಗಟ್ಟುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಬೇಕಾದದ್ದೇ ಆ ಹರಳು, ಇಲ್ಲಿ ಅದೇ ಶತ್ರು. ಅದನ್ನು ತಡೆಯಲೆಂದೇ ಗ್ಲೂಕೋಸ್. ಹಾಗೆಂದು ಕೈಬಿಟ್ಟು ಸುರಿದರೆ ಮಿಠಾಯಿ ಅಂಟಂಟಾಗುತ್ತದೆ.

ಎಳೆ ಪಾಕ, ಉಂಡೆ ಪಾಕ ಎಲ್ಲ ದಾಟಿ 150 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲವಾದರೆ ಚಿಕ್ಕಿಯ ಪರೀಕ್ಷೆಯೇ ಸಾಕು: ತಣ್ಣೀರಿಗೆ ಬಿಟ್ಟ ಹನಿ ಗಾಜಿನಂತೆ ಪಟ್ಟೆಂದು ಮುರಿಯಬೇಕು. ಹಲ್ಲಿಗೆ ಅಂಟಿದರೆ ನೀರು ಇನ್ನೂ ಉಳಿದಿದೆ ಎಂದರ್ಥ. 160 ದಾಟಿದರೆ ಕಂದು ಬಣ್ಣ ಬಂದು ಗುಲಾಬಿ ಕೆಡುತ್ತದೆ.

ಹೆಚ್ಚಿನವರು ಎಡವುವುದು ಇದರ ನಂತರ. ಕುದಿಯುವ ಪಾಕಕ್ಕೆ ಎಸೆನ್ಸ್ ಸುರಿದರೆ ಅಡುಗೆಮನೆಯೆಲ್ಲ ಘಮಘಮ, ಮಿಠಾಯಿ ಮಾತ್ರ ಸಪ್ಪೆ. ಐಸೋಅಮೈಲ್ ಅಸಿಟೇಟ್ ಕುದಿಯುವುದು 142 ಡಿಗ್ರಿಗೆ, ನಿನ್ನ ಪಾಕ ಅದಕ್ಕಿಂತ ಬಿಸಿ. ಸಿಟ್ರಿಕ್ ಆಮ್ಲವೂ ಅಷ್ಟೆ, ಬೇಗ ಹಾಕಿದರೆ ಸಕ್ಕರೆಯನ್ನು ಒಡೆದು ಜಿಗುಟು ಮಾಡುತ್ತದೆ. ಎಣ್ಣೆ ಸವರಿದ ಕಲ್ಲಿನ ಮೇಲೆ ಪಾಕ ಸುರಿದು, ಎರಡು ಭಾಗ ಮಾಡಿ ಬಣ್ಣ ಹಾಕು. ಅಂಚು ಗಟ್ಟಿಯಾಗುತ್ತ ಬಂದಂತೆ ಒಳಕ್ಕೆ ಮಡಚು, ಆಗ 5 ಗ್ರಾಂ ಸಿಟ್ರಿಕ್ ಆಮ್ಲದ ಪುಡಿಯನ್ನೂ ಎಸೆನ್ಸನ್ನೂ ಎರಡಕ್ಕೂ ಹಂಚಿ ಸೇರಿಸು. ಎಸೆನ್ಸ್ ಎಷ್ಟು ಎಂಬುದು ಅದರ ಗಾಢತೆಯ ಮೇಲೆ, ಬಾಟಲಿಯ ಚೀಟಿ ಓದು. ಒಲೆ ಆರಿಸಿರಬೇಕು, ಎಸೆನ್ಸ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ದಪ್ಪ ರಬ್ಬರ್ ಕೈಗವಸು ಇಲ್ಲದೆ ಬಿಸಿ ಪಾಕವನ್ನು ಮುಟ್ಟಬೇಡ.

ಎರಡು ಬಣ್ಣವನ್ನು ಅಕ್ಕಪಕ್ಕ ಒತ್ತಿ, ಹಗ್ಗದಂತೆ ಎಳೆದು, ಎಣ್ಣೆ ಹಚ್ಚಿದ ಕತ್ತರಿಯಿಂದ ಅಡ್ಡಕ್ಕೆ ತುಂಡರಿಸು. ಕಾರ್ಖಾನೆಯವರು ಗುಳಿ ಕೊರೆದ ಹಿತ್ತಾಳೆ ರೋಲರುಗಳ ನಡುವೆ ಹಾಯಿಸುತ್ತಾರೆ, ನಿನ್ನದು ಆ ಆಕಾರಕ್ಕೆ ಬರುವುದಿಲ್ಲ, ಬಿಡು. ಆರಿದ ಮೇಲೆ ಕ್ಷಣಮಾತ್ರ ಹಬೆಗೆ ಹಿಡಿದು ಸಕ್ಕರೆಯಲ್ಲಿ ಹೊರಳಿಸಿದರೆ ತರಿ ಕೂರುತ್ತದೆ.

ಮಳೆಗಾಲದಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡ. ಈ ಗಾಜುಸಕ್ಕರೆ ಗಾಳಿಯ ತೇವ ಹೀರಿ ಬೆವರುತ್ತದೆ, ಮಂಗಳೂರಿನ ಜುಲೈಯಲ್ಲಂತೂ ಸಂಜೆಗೆಲ್ಲ ಒಂದೇ ಮುದ್ದೆ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಇದೊಂದನ್ನೇ ಇಡು. ಬೇರೆ ಮಿಠಾಯಿ ಜೊತೆಗಿಟ್ಟರೆ ವಾರದೊಳಗೆ ಅದಕ್ಕೂ ಇದೇ ವಾಸನೆ.

ಇಂತಿ,
ನಿನ್ನ ಗೆಳೆಯ