ಓದು-ಹಾಡಿನ ಸಂಜೆ ಕಟ್ಟುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಹಾಡು, ಓದು ಸೇರಿಸಿ ಕಾರ್ಯಕ್ರಮ ಮಾಡುವ ನಿನ್ನ ಯೋಚನೆ ತುಂಬಾ ಹಿಡಿಸಿತು. ಇಂಥ ಕಾರ್ಯಕ್ರಮ ಹಾಡಿನಲ್ಲಿ ಕೆಡುವುದು ಕಡಿಮೆ. ಕೆಡುವುದು ಓದಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಓದಿನಿಂದ ಹಾಡಿಗೆ ದಾಟುವ ನಾಲ್ಕೈದು ಸೆಕೆಂಡಿನಲ್ಲಿ.

ಸಂಗೀತಗಾರ ಡೊನಾಲ್ಡ್ ಸ್ವಾನ್ ಟೋಲ್ಕಿನ್ ಪದ್ಯಗಳಿಗೆ ರಾಗ ಹಾಕಿ 1967ರಲ್ಲಿ ಪ್ರಕಟಿಸಿದ ಗೀತಗುಚ್ಛಕ್ಕೆ ಒಬ್ಬ ಗಾಯಕ, ಒಂದು ಪಿಯಾನೊ ಇದ್ದರಾಯಿತು. ಅದರಲ್ಲಿ ‘ನಮಾರಿಯೆ’ ಎಂಬ ಬೀಳ್ಕೊಡುಗೆಯ ಹಾಡಿಗೆ ಇರುವುದು ಟೋಲ್ಕಿನ್ ತಾವೇ ಗುನುಗಿ ತೋರಿಸಿದ ಗ್ರೆಗೋರಿಯನ್ ಪಠಣದ, ಎಂದರೆ ಹಳೆಯ ಚರ್ಚುಗಳ ತಾಳವಿಲ್ಲದ ಪಠಣದ, ಧಾಟಿ. ಅದನ್ನು ತಾಳಕ್ಕೆ ಕಟ್ಟಬೇಡ, ಮಾತಿನ ಉಸಿರಿಗೇ ಬಿಡು. 1995ರಲ್ಲಿ ಶುರುವಾದ ಡೆನ್ಮಾರ್ಕಿನ ‘ಟೋಲ್ಕಿನ್ ಎನ್ಸೆಂಬಲ್’ ಎಂಬ ಸಂಗೀತ ತಂಡದ ದಾರಿ ಬೇರೆ, ಅದಕ್ಕೆ ವಾದ್ಯಗಳು ಹೆಚ್ಚು ಬೇಕು. ಅವರ ಧ್ವನಿಮುದ್ರಿಕೆಗಳಲ್ಲಿ ನಟ ಕ್ರಿಸ್ಟೋಫರ್ ಲೀ ಅವರ ದನಿಯೂ ಇದೆ, ಕೇಳು. ನೀನೇ ಹೊಸದಾಗಿ ರಾಗ ಹಾಕುವುದಾದರೆ ಮೊದಲು ಹಕ್ಕುದಾರರ ಒಪ್ಪಿಗೆ ಕೇಳು. ಗದ್ಯ ಓದಲು ಸಿಕ್ಕ ಒಪ್ಪಿಗೆ ಪದ್ಯಕ್ಕೆ ಸಂಗೀತ ಕೂಡಿಸಲೂ ಸಾಕು ಎಂದುಕೊಳ್ಳಬೇಡ.

ಇನ್ನು ಓದು. ಒಂದೊಂದು ಭಾಗ ಮೂರು ನಿಮಿಷ ದಾಟದಿರಲಿ. ಒಟ್ಟು ಎಪ್ಪತ್ತೈದು ನಿಮಿಷದ ಕಾರ್ಯಕ್ರಮದಲ್ಲಿ ಓದಿಗೆ ಇಪ್ಪತ್ತೈದು ನಿಮಿಷ ಧಾರಾಳವಾಯಿತು. ಯುದ್ಧದ ಭಾಗ ಆರಿಸಬೇಡ. ಅಲ್ಲಿ ಹೆಸರುಗಳು ಮುತ್ತಿಕೊಂಡು ಬರುತ್ತವೆ, ಪುಸ್ತಕ ಓದದವರು ಅಲ್ಲೇ ಕೈಬಿಡುತ್ತಾರೆ. ಬೀಳ್ಕೊಡುಗೆ, ಕಾಡಿನೊಳಗೆ ಹೊಕ್ಕ ಗಳಿಗೆ, ಬಹಳ ದಿನದ ಮೇಲೆ ಸಿಕ್ಕ ತಂಗುದಾಣ: ಇಂಥವು ಕಿವಿಗೆ ನಿಲ್ಲುತ್ತವೆ. ದನಿಯಿಂದಲೇ ಯಾರ ಮಾತೆಂದು ತಿಳಿಯುವ ಕಡೆ ‘ಎಂದನು’, ‘ಎಂದಳು’ಗಳನ್ನು ತೆಗೆದುಬಿಡು. ಹೆಸರುಗಳನ್ನು ಓದುವವರೂ ಹಾಡುವವರೂ ಒಂದೇ ರೀತಿ ಹೇಳಬೇಕು. ಟೋಲ್ಕಿನ್ ಕಾದಂಬರಿಯ ಅನುಬಂಧದಲ್ಲೇ ನಿಯಮ ಕೊಟ್ಟಿದ್ದಾರೆ: Celeborn ಎಂಬ ಪಾತ್ರದ ಹೆಸರು ಕೆಲೆಬೋರ್ನ್, ಸೆಲೆಬೋರ್ನ್ ಅಲ್ಲ. ಹಾಳೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಟ್ಟರೆ ಜಗಳವಿಲ್ಲ.

ಹಾಳೆಯ ಒಂದೇ ಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ ಮುದ್ರಿಸು. ವಾಕ್ಯದ ನಡುವೆ ಪುಟ ಮುಗಿಯಬಾರದು, ಪಿನ್ ಹೊಡೆಯಬಾರದು. ಹಾಳೆ ಮಗುಚುವ ಸದ್ದನ್ನು ಮೈಕು ಮೊದಲು ಹಿಡಿಯುತ್ತದೆ. ಓದುವವರಿಗೆ ಬೇರೆಯದೇ ಮೈಕು ಇಡು, ಅದರಲ್ಲಿ ಪ್ರತಿಧ್ವನಿ ಪೂರ್ತಿ ತೆಗೆದಿರಲಿ. ಹಾಡಿಗೆ ಚೆಂದ ಕೊಡುವ ಅದೇ ಪ್ರತಿಧ್ವನಿ ಮಾತಿನ ವ್ಯಂಜನಗಳನ್ನು ನುಂಗಿಬಿಡುತ್ತದೆ. ಬಾಯಿ ತೀರಾ ಹತ್ತಿರವಾದರೆ ಕೆಳಸ್ವರ ಉಬ್ಬಿ ಗುಂಯ್‌ಗುಡುತ್ತದೆ. ಒಂದು ಗೇಣು ದೂರ ಸರಿ.

ಓದಿನ ಕೆಳಗೆ ಸಂಗೀತ ಉದ್ದಕ್ಕೂ ಹರಿಸಬೇಡ. ಗಂಡು ದನಿ ಓದುವಾಗ ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲ್ಲೊ ನುಡಿಸಿದರೆ ಎರಡೂ ಒಂದೇ ಸ್ಥಾಯಿಯಲ್ಲಿ ಗುದ್ದಾಡುತ್ತವೆ. ಕೊನೆಯ ಎರಡು ವಾಕ್ಯ ಉಳಿದಾಗ ಹಾರ್ಪ್ ಎಂಬ ಮೀಟುವ ತಂತಿವಾದ್ಯ ಮೆಲ್ಲಗೆ ಮುಂದಿನ ಹಾಡಿನ ಆಧಾರ ಸ್ವರ ಹಿಡಿಯಲಿ. ಗಾಯಕಿಗೆ ಶ್ರುತಿ ಅಲ್ಲೇ ಸಿಗುತ್ತದೆ, ಓದು ಮುಗಿದ ಮೇಲೆ ಶ್ರುತಿಗಾಗಿ ಕಾಯಬೇಕಿಲ್ಲ, ನಡುವೆ ಅರೆಮನಸ್ಸಿನ ಚಪ್ಪಾಳೆಗೂ ಜಾಗವಿರುವುದಿಲ್ಲ. ಯಾವ ಪದ ಕೇಳಿ ಹಾರ್ಪ್ ಶುರುವಾಗಬೇಕು ಎಂಬುದನ್ನು ಇಬ್ಬರ ಹಾಳೆಯಲ್ಲೂ ಗುರುತು ಹಾಕು. ತಾಲೀಮಿನಲ್ಲಿ ಇಡೀ ಹಾಡಿಗಿಂತ ಓದು ಹಾಡಿಗೆ ಕೂಡುವ ಈ ಕೀಲುಗಳನ್ನೇ ಹೆಚ್ಚು ಸಲ ಮಾಡಿಸು.

ಹಾರ್ಪ್‌ನ ತಂತಿಗಳು ರಂಗದ ದೀಪದ ಬಿಸಿಗೆ ಶ್ರುತಿ ಬಿಡುತ್ತವೆ. ದೀಪ ಹಾಕಿ ಅರ್ಧ ಗಂಟೆಯಾದ ಮೇಲೆ ಶ್ರುತಿ ಮಾಡಿಸು. ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗಿಟ್ಟರೆ ನಡುವೆ ತಂತಿಯ ಸ್ವರ ಬದಲಿಸುವ ಪುಟ್ಟ ಸನ್ನೆಗಳನ್ನು (ಲಿವರ್) ತಿರುಗಿಸುವ ಕೆಲಸವೂ ಕಡಿಮೆ.

ಓದಿಗೆ ಆರಿಸಿದ ಭಾಗಗಳನ್ನು ಕಳಿಸು. ಎಲ್ಲಿ ಕತ್ತರಿಸಬಹುದೆಂದು ಗುರುತು ಹಾಕಿ ವಾಪಸು ಕಳಿಸುತ್ತೇನೆ.

ನಿನ್ನ ಗೆಳೆಯ